ಎಂಟು ಸಾವಿರದ ಎಂಟುನೂರ ಎಪ್ಪತ್ತೆರಡು ದಿನಗಳ ರಜೆ

ನನ್ನ ಪಕ್ಕದ ಕೋಣೆಯವನು ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿ ಮೂರನೆಯ ದಿನ ಕೆಲಸಕ್ಕೆ ಮರಳಿದ. ಕಾರ್ಖಾನೆಯ ಕಂಪ್ಯೂಟರು ಅವನ ಗೈರುಹಾಜರಿಯನ್ನು ಎಂಟು ಸಾವಿರದ ಎಂಟುನೂರ ಎಪ್ಪತ್ತೆರಡು ದಿನ ಎಂದು ಮುದ್ರಿಸಿತು. ಆ ಕಾಗದದ ಕೆಳಗೆ ಮೂವರು ಪದವೀಧರರ ಸಹಿ ಇತ್ತು. ಮೂವರಲ್ಲಿ ಒಬ್ಬನೂ ಆ ಅಂಕಿಯನ್ನು ಓದಿರಲಿಲ್ಲ, ಅಥವಾ ಓದಿಯೂ ಅದು ತಮ್ಮ ಕೆಲಸವಲ್ಲ ಎಂದುಕೊಂಡಿದ್ದರು. ಎರಡರಲ್ಲಿ ಯಾವುದು ಹೆಚ್ಚು ಹೇಯವೆಂದು ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಎಂಬತ್ತರ ದಶಕದ ಎರಡನೆಯ ಅರ್ಧ. ನಾನು ಗುಲ್ಬರ್ಗದ ಒಂದು ಕನ್ನಡ ದಿನಪತ್ರಿಕೆಗೆ ವಾಡಿಯಿಂದ ಸುದ್ದಿ ಕಳಿಸುತ್ತಿದ್ದೆ. ಚಿತ್ತಾಪುರ, ಶಹಾಬಾದ, ಸೇಡಂ, ಚಿಂಚೋಳಿ ನನ್ನ ಪಾಲಿಗೆ ಬಂದ ಊರುಗಳು. ಬರೆದದ್ದನ್ನು ಲಕೋಟೆಗೆ ಹಾಕಿ ಗುಲ್ಬರ್ಗದ ಕಡೆ ಹೋಗುವ ಪ್ಯಾಸೆಂಜರಿನ ಗಾರ್ಡಿನ ಕೈಗೆ ಕೊಡುತ್ತಿದ್ದೆ. ಅದು ಕೆಲವೊಮ್ಮೆ ಅದೇ ದಿನ ತಲುಪುತ್ತಿತ್ತು, ಕೆಲವೊಮ್ಮೆ ಸೊಲ್ಲಾಪುರ ನೋಡಿಕೊಂಡು ಬರುತ್ತಿತ್ತು. ಆದ್ದರಿಂದ ನಮಗೊಂದು ಕಟ್ಟಪ್ಪಣೆ ಇತ್ತು: ‘ಇಂದು’, ‘ನಿನ್ನೆ’ ಎಂದು ಬರೆಯಕೂಡದು, ತಾರೀಕು ಬರೆಯಬೇಕು. ವರ್ಷಗಟ್ಟಲೆ ಅದನ್ನು ಪಾಲಿಸಿದ ಮೇಲೆ ತಾರೀಕಿನ ವಿಷಯದಲ್ಲಿ ಸಡಿಲ ಇರುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಪಕ್ಕದ ಕೋಣೆಯವನು ಚಿಂಚೋಳಿ ಕಡೆಯವನು. ಊರ ಆಚೆಯ ಸುಣ್ಣಕಲ್ಲಿನ ಕಾರ್ಖಾನೆಯೊಂದರಲ್ಲಿ, ಹೆಸರು ಇಲ್ಲಿ ಬೇಡ, ಚೀಲ ಹೊರುವ ಕೆಲಸ. ಅದೂ ಬದಲಿ. ಕಾಯಂ ಕೆಲಸಗಾರ ಬಾರದ ದಿನ ಅವನ ಜಾಗಕ್ಕೆ ನಿಲ್ಲುವವನು ಬದಲಿ. ಎಂಟು ವರ್ಷ ಅವನು ದಿನಾ ಮುಂಜಾನೆ ಗೇಟಿನ ಮುಂದೆ ನಿಂತಿದ್ದಾನೆ, ಇವತ್ತು ಕೆಲಸ ಇದೆಯೋ ಇಲ್ಲವೋ ಎಂದು ಕೇಳಲು. ಆ ವರ್ಷ ಆಡಳಿತದವರಿಗೂ ಕಾರ್ಮಿಕ ಸಂಘಕ್ಕೂ ಒಪ್ಪಂದವಾಯಿತು. ಹಿಂದಿನ ಒಂದು ವರ್ಷದಲ್ಲಿ ಸತತ ಮೂವತ್ತು ದಿನಕ್ಕಿಂತ ಹೆಚ್ಚು ರಜೆ ಹಾಕದ ಬದಲಿಗಳನ್ನು ಕಾಯಂ ಮಾಡುವುದು. ಮೂವತ್ತೈದು ತುಂಬಿದವರನ್ನು ಬಿಟ್ಟು. ಅವನಿಗೆ ಬರುವ ಜೂನ್ ಒಂದಕ್ಕೆ ಮೂವತ್ತೈದು ತುಂಬುತ್ತಿತ್ತು. ಶಾಲೆಯ ದಾಖಲೆ ನಂಬುವುದಾದರೆ ನಮ್ಮ ಕಡೆ ಅರ್ಧ ಜನ ಜೂನ್ ಒಂದರಂದೇ ಹುಟ್ಟಿದ್ದಾರೆ. ಅವನ ತಾಯಿಯ ಪ್ರಕಾರ ಅವನು ಹುಟ್ಟಿದ್ದು ಜೋಳ ರಾಶಿ ಮಾಡುವ ಕಾಲಕ್ಕೆ. ಆದರೆ ತಾಯಿಯ ಮಾತಿಗೆ ಸೀಲು ಇರುವುದಿಲ್ಲ. ಈ ಪಟ್ಟಿಯಲ್ಲಿ ಹೆಸರು ಬಂದರೆ ಬಂತು, ಇಲ್ಲವಾದರೆ ಅವನು ಬದುಕಿರುವಷ್ಟು ಕಾಲ ಗೇಟಿನ ಹೊರಗೇ.

ಪಟ್ಟಿ ಮಾಡುವ ಕೆಲಸವನ್ನು ಹೊಸ ಕಂಪ್ಯೂಟರಿಗೆ ವಹಿಸಿದರು. ಅದು ಬಂದ ಸುದ್ದಿಯನ್ನು ಬರೆದವನು ನಾನೇ. ಸಿಬ್ಬಂದಿ ಅಧಿಕಾರಿ ಟೈಪು ಮಾಡಿಸಿ ಕೊಟ್ಟ ಹಾಳೆಯನ್ನು ಕನ್ನಡಕ್ಕೆ ತಿರುಗಿಸಿ, ‘ಇನ್ನು ಮುಂದೆ ಹಾಜರಿ ಲೆಕ್ಕದಲ್ಲಿ ತಪ್ಪಿಗೆ ಅವಕಾಶವಿಲ್ಲ’ ಎಂಬ ಸಾಲನ್ನೂ ಸೇರಿಸಿ ಕಳಿಸಿದ್ದೆ. ಪತ್ರಿಕೆ ಅದನ್ನು ಫೋಟೋ ಸಮೇತ ಹಾಕಿತ್ತು. ಆ ಕತ್ತರಿಕೆ ನನ್ನ ಹತ್ತಿರ ಇನ್ನೂ ಇದೆ. ಬೇರೆಯವರ ಬಗ್ಗೆ ಕಟುವಾಗಿ ಬರೆಯುವ ಮುನ್ನ ಒಮ್ಮೆ ಅದನ್ನು ಓದುತ್ತೇನೆ.

ಮಾರ್ಚ್‌ನಲ್ಲಿ ಪಟ್ಟಿ ಗೇಟಿಗೆ ಬಂತು. ಅಂಚಿನಲ್ಲಿ ತೂತುಗಳಿದ್ದ ಉದ್ದ ಕಾಗದ. ಎಡಕ್ಕೆ ಅರ್ಹರು, ಬಲಕ್ಕೆ ಅನರ್ಹರು, ಅನರ್ಹರ ಮುಂದೆ ಅವರು ಬಾರದ ದಿನಗಳ ಸಂಖ್ಯೆ. ಪಕ್ಕದವನು ತನ್ನ ಸಾಲನ್ನು ಬೀಡಿ ಕಟ್ಟಿನ ಹಿಂದೆ ಬರೆದುಕೊಂಡು ನನ್ನ ಬಾಗಿಲಿಗೆ ಬಂದ. ಹಿಂದೆಯೇ ಅವನ ಹೆಂಡತಿ, ಕೈಯಲ್ಲಿ ಇನ್ನೂ ಹಿಟ್ಟು.

“ಅಣ್ಣಾರ, ಎಂಟು ಸಾವಿರದ ಎಂಟುನೂರ ಎಪ್ಪತ್ತೆರಡು ದಿನ ಅಂದ್ರ ಎಷ್ಟ ವರ್ಷ ಆಗ್ತದ್ರಿ?”

ನಾನು ಭಾಗಿಸಿ ಹೇಳಿದೆ. “ಇಪ್ಪತ್ನಾಕು ವರ್ಷದ ಮ್ಯಾಲ.”

ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿದ. “ಹಂಗಾದ್ರ ಹತ್ತ ವರ್ಷದವ ಇದ್ದಾಗಿಂದ ನಾ ರಜಾದ ಮ್ಯಾಲ ಅದೀನಿ.”

“ಮತ್ತ ನನ್ನ ಲಗ್ನಾ ಮಾಡ್ಕೊಂಡಾಂವ ಯಾಂವ?” ಎಂದಳು ಅವನ ಹೆಂಡತಿ. “ಅವನ್ನಾರ ಕರಸ್ರಿ, ಕಾಯಂ ಮಾಡ್ಲಿ.”

ಮೂವರೂ ನಕ್ಕೆವು. ಅಷ್ಟು ದೊಡ್ಡ ತಪ್ಪನ್ನು ಯಾರಾದರೂ ಒಂದು ದಿನದಲ್ಲಿ ತಿದ್ದುತ್ತಾರೆ ಎಂದು ಮೂವರಿಗೂ ಅನ್ನಿಸಿತ್ತು.

ಮರುದಿನ ನಾನು ಅವನ ಜೊತೆ ಕಾರ್ಖಾನೆಯ ಟೈಮ್ ಆಫೀಸಿಗೆ ಹೋದೆ. ಅಲ್ಲಿ ಹಾಜರಿ ಬರೆಯುವವರು ಶಹಾಬಾದದ ಒಬ್ಬ ಹಿರಿಯರು. ಎಲ್ಲರಿಗೂ ಮುನ್ಷಿ ಚಾಚಾ. ಉರ್ದುವಿನಲ್ಲಿ ಓದಿದವರು, ಇಂಗ್ಲಿಷಿನಲ್ಲಿ ಹಾಜರಿ ಬರೆಯುವವರು, ಕನ್ನಡದಲ್ಲಿ ಬೈಯುವವರು. ಹಳೆಯ ವರ್ಷದ್ದು, ಹೊಸ ವರ್ಷದ್ದು, ಎರಡು ದಪ್ಪ ಪುಸ್ತಕ ತೆಗೆದು ಒಂದೊಂದರಲ್ಲೂ ಬೆರಳಿಟ್ಟರು.

“ಬರ್ರಿ, ಕುಂದ್ರಿ. ಇಲ್ಲಿ ನೋಡ್ರಿ. ಡಿಸೆಂಬರ್ ಮೂವತ್ತಕ್ಕ ಪಾಳಿ ಮುಗಿಸಿ ಹೋಗ್ಯಾನ. ಮೂವತ್ತೊಂದಕ್ಕ ಅಮಾಸಿ. ಜನವರಿ ಎರಡಕ್ಕ ಬಂದಾನ. ನನ್ನ ಕೈಬರಹ ಅದ.”

“ಸಾಹೇಬ್ರಿಗಿ ಹೇಳಲಿಲ್ಲೇನು ಚಾಚಾ?”

“ಹೇಳಿದ್ಯಾ. ‘ಚಾಚಾ, ನಿಮಗ ಕಂಪ್ಯೂಟರ್ ತಿಳಿಯಂಗಿಲ್ಲ’ ಅಂದ್ರು. ಖರೇ ಅದ. ನನಗ ಅದು ತಿಳಿಯಂಗಿಲ್ಲ. ಡಿಸೆಂಬರ್ ಆದಮ್ಯಾಲ ಜನವರಿ ಬರ್ತದ ಅನ್ನೋದಷ್ಟ ತಿಳೀತದ. ಅಷ್ಟ ಸಾಲಂಗಿಲ್ಲಂತ ಈಗ.”

ಕಂಪ್ಯೂಟರಿನ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಇಡೀ ಊರಿನ ಎಲೆ, ಬಟ್ಟೆ, ರೊಟ್ಟಿ ಎಲ್ಲದರ ಮೇಲೆ ಬೂದಿ ಬಣ್ಣದ ಪುಡಿ ಕೂರುತ್ತಿದ್ದಾಗ ಧೂಳಿಲ್ಲದ ಜಾಗವೆಂದರೆ ಅದೊಂದೇ. ಮನುಷ್ಯರ ಶ್ವಾಸಕೋಶಕ್ಕೆ ಸಿಗದ ತಂಪು ಗಾಳಿ ಆ ಪೆಟ್ಟಿಗೆಗೆ ಸಿಗುತ್ತಿತ್ತು. ಅದನ್ನು ನೋಡಿಕೊಳ್ಳುವವನು ಬೆಂಗಳೂರಿನಿಂದ ಬಂದವನು, ಒಳ್ಳೆಯ ಇಸ್ತ್ರಿಯ ಅಂಗಿ, ನಮ್ಮ ಮಾತು ಕೇಳಿದರೆ ಸಣ್ಣಗೆ ನಗುವ ಅಭ್ಯಾಸ. ನನ್ನ ಸುದ್ದಿಯಿಂದ ಅವನಿಗೆ ಸಂತೋಷವಾಗಿತ್ತು, ಹಾಗಾಗಿ ವಿವರಿಸಿದ.

“ಇದನ್ನ ಎಸ್‌ಕ್ಯುಎಲ್ ಅಂತಾರೆ ಸಾರ್. ಈ ಕಡೆ ಯಾರ ಹತ್ತಿರಾನೂ ಇಲ್ಲ. ನಮಗೆ ಏನು ಬೇಕು ಅಂತ ಹೇಳಿದ್ರೆ ಸಾಕು, ಹೇಗೆ ಹುಡುಕಬೇಕು ಅಂತ ಅದೇ ನೋಡಿಕೊಳ್ಳುತ್ತೆ.”

ಅವನು ಯಂತ್ರವನ್ನು ಕೇಳಿದ್ದು ಏನು ಎಂದು ತೋರಿಸಿದ. ಕಾಗದದ ತಲೆಯ ಮೇಲೆಯೇ ಇಂಗ್ಲಿಷಿನಲ್ಲಿ ಮುದ್ರಿತವಾಗಿತ್ತು. ಕನ್ನಡದಲ್ಲಿ ಹೇಳುವುದಾದರೆ: ರಜೆ ಚೀಟಿಗಳ ಪಟ್ಟಿಯಿಂದ ಕೆಲಸಗಾರರ ಟೋಕನ್ ಸಂಖ್ಯೆ ಆರಿಸು, ಮರಳಿದ ತಾರೀಕಿನಲ್ಲಿ ಹೋದ ತಾರೀಕನ್ನು ಕಳೆದಾಗ ಎಲ್ಲೆಲ್ಲಿ ಮೂವತ್ತಕ್ಕಿಂತ ಹೆಚ್ಚು ಉಳಿಯುತ್ತದೋ ಅವನ್ನು. ಕೇಳಲು ಸರಿಯಾಗಿಯೇ ಇತ್ತು. ತಾರೀಕನ್ನು ಹೇಗೆ ಇಟ್ಟಿದ್ದೀರಿ ಎಂದು ಕೇಳಿದೆ. ಆರು ಅಂಕಿಯ ಒಂದು ಸಂಖ್ಯೆಯಾಗಿ ಎಂದ. ಮೊದಲ ಎರಡು ವರ್ಷ, ನಡುವಿನ ಎರಡು ತಿಂಗಳು, ಕೊನೆಯ ಎರಡು ದಿನ. ಡಿಸೆಂಬರ್ ಮೂವತ್ತು 861230 ಆಗಿತ್ತು, ಜನವರಿ ಎರಡು 870102. ತಾರೀಕಿಗೆಂದೇ ಬೇರೆ ಖಾನೆ ಮಾಡುವ ಸೌಲಭ್ಯ ಯಂತ್ರದಲ್ಲಿತ್ತಂತೆ. ಆದರೆ ಸಂಖ್ಯೆಯಾದರೆ ಜಾಗ ಕಡಿಮೆ, ಅನುಕ್ರಮವಾಗಿ ಜೋಡಿಸಲೂ ಸುಲಭ.

ನಾನು ಬೀಡಿ ಕಟ್ಟಿನ ಕಾಗದದ ಮೇಲೆ ಎರಡನ್ನೂ ಒಂದರ ಕೆಳಗೊಂದು ಬರೆದು ಕಳೆದೆ. 8872. ಯಂತ್ರ ತಪ್ಪು ಮಾಡಿರಲಿಲ್ಲ. ಅದಕ್ಕೆ ಕೊಟ್ಟ ಎರಡು ಸಂಖ್ಯೆಗಳನ್ನು ಅದು ನಾಲ್ಕನೆಯ ಇಯತ್ತೆಯ ಮಕ್ಕಳಂತೆ ಸರಿಯಾಗಿ ಕಳೆದಿತ್ತು. ಅವು ಸಂಖ್ಯೆಗಳಲ್ಲ, ಸಂಖ್ಯೆಯ ವೇಷ ಹಾಕಿದ ತಾರೀಕುಗಳು ಎಂದು ತಿಳಿದಿರಬೇಕಾದವನು ಇಸ್ತ್ರಿ ಅಂಗಿಯಲ್ಲಿ ನನ್ನ ಎದುರು ನಿಂತಿದ್ದ.

“ಮಾರ್ಚ್ ಮೂವತ್ತೊಂದಕ್ಕೆ ಹೋಗಿ ಏಪ್ರಿಲ್ ಎರಡಕ್ಕೆ ಬಂದರೆ?” ಎಂದು ಕೇಳಿದೆ.

ಅವನು ಮನಸ್ಸಿನಲ್ಲೇ ಕಳೆದ. “ಎಪ್ಪತ್ತೊಂದು,” ಎಂದ. ಆಮೇಲೆ, “ಅದು ಒಳಗಿನ ಲೆಕ್ಕ ಸಾರ್, ನಿಮಗೆ ಹೇಳೋದು ಕಷ್ಟ,” ಎಂದ.

ಕಷ್ಟವೇನೂ ಇರಲಿಲ್ಲ. ರಜೆ ಒಂದೇ ತಿಂಗಳೊಳಗೆ ಮುಗಿದರೆ ಉತ್ತರ ಸರಿ. ಪಕ್ಕದವನು ಆಗಸ್ಟ್‌ನಲ್ಲಿ ಜ್ವರದಿಂದ ಮಲಗಿದ ಒಂದು ವಾರ ಸರಿಯಾಗಿ ಒಂದು ವಾರವೇ ಆಗಿತ್ತು. ಅವನ ಜೊತೆಗಾರನೊಬ್ಬ ತಿಂಗಳ ಎರಡಕ್ಕೆ ಹೋಗಿ ಇಪ್ಪತ್ತೊಂಬತ್ತಕ್ಕೆ ಬಂದಿದ್ದ, ಆ ಹೊತ್ತಿನಲ್ಲಿ ತಾಂಡೂರಿನಲ್ಲಿ ಬೇರೆ ಕೆಲಸ ಮಾಡಿದ್ದ, ಅವನು ಅರ್ಹ. ಆದರೆ ತಿಂಗಳ ಗೆರೆಯನ್ನು ಒಂದು ರಾತ್ರಿ ದಾಟಿದರೂ ಎಪ್ಪತ್ತು ದಿನ ಬಿತ್ತು, ವರ್ಷದ ಗೆರೆ ದಾಟಿದರೆ ಎಂಟು ಸಾವಿರ. ಆ ವರ್ಷ ಎಳ್ಳ ಅಮಾವಾಸ್ಯೆ ಡಿಸೆಂಬರ್ ಕೊನೆಯ ದಿನವೇ ಬಂದಿತ್ತು. ನಮ್ಮ ಕಡೆ ಆ ದಿನ ಹೊಲವಿದ್ದವನು ಎಲ್ಲಿದ್ದರೂ ಹೊಲಕ್ಕೆ ಹೋಗುತ್ತಾನೆ. ಸಜ್ಜೆ ರೊಟ್ಟಿ, ಭಜ್ಜಿ, ಕಡಬು ಕಟ್ಟಿಕೊಂಡು ಹೋಗಿ, ಬೆಳೆಗೆ ಎಡೆಯಾಗಿ ಆ ಅಡುಗೆಯ ಚರಗ ಚೆಲ್ಲಿ, ಅಲ್ಲೇ ಕೂತು ಉಂಡು ಬರುತ್ತಾನೆ. ಹಾಗಾಗಿ ಅನರ್ಹರ ಪಟ್ಟಿಯಲ್ಲಿ ಇದ್ದವರು ಬಹುಪಾಲು ಸೇಡಂ, ಚಿಂಚೋಳಿ, ಚಿತ್ತಾಪುರದ ಹಳ್ಳಿಗಳವರು. ಹೊಲವಿಲ್ಲದ, ಹೊರಗಿನಿಂದ ಬಂದ ಬದಲಿಗಳು ಉಳಿದರು. ಇದನ್ನು ಯಾರೂ ಬೇಕೆಂದು ಮಾಡಿರಲಿಲ್ಲ. ಬೇಕೆಂದು ಮಾಡಿದ್ದರೆ ಕನಿಷ್ಠ ಯಾರೋ ಒಬ್ಬ ಯೋಚಿಸಿದ್ದಾನೆ ಎಂದಾದರೂ ಹೇಳಬಹುದಿತ್ತು.

ನಾನು ಸಿಬ್ಬಂದಿ ಅಧಿಕಾರಿಯ ಮುಂದೆ ಕೂತು ಇಷ್ಟನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ: “ಇದನ್ನ ಪೇಪರಿನ್ಯಾಗ ಹಾಕ್ತೀರೇನ್ರಿ?”

“ಹಾಕ್ತೀನಿ.”

“ಎರಡ ದಿನ ತಡೀರಿ. ನಾವು ಸರಿ ಮಾಡ್ತೀವಿ.”

ತಡೆದೆ. ಅದು ನನ್ನ ತಪ್ಪು. ಎರಡು ದಿನದ ಮೇಲೆ ಗೇಟಿನಲ್ಲಿ ಹೊಸ ಪಟ್ಟಿ. ಪಕ್ಕದವನು ಈಗಲೂ ಅನರ್ಹ, ಆದರೆ ದಿನಗಳು ಎಪ್ಪತ್ತೆರಡು. ಬೆಂಗಳೂರಿನವನು ವರ್ಷದ ಗೆರೆಯನ್ನು ಮಾತ್ರ ಸರಿಪಡಿಸಿದ್ದ. ವರ್ಷ ಬದಲಾದಾಗ ಸಂಖ್ಯೆ ಹತ್ತು ಸಾವಿರ ಏರುತ್ತದೆ, ಹನ್ನೆರಡು ತಿಂಗಳ ಲೆಕ್ಕದಲ್ಲಿ ಸಾವಿರದ ಇನ್ನೂರು ಇಳಿಯುತ್ತದೆ, ಆದ್ದರಿಂದ ಎಂಟು ಸಾವಿರದ ಎಂಟುನೂರು ಕಳೆದರೆ ಸಾಕು ಎಂದು ಅವನ ತರ್ಕ. ತಿಂಗಳಿಗೆ ನೂರು ದಿನ ಇರುವುದಿಲ್ಲ ಎಂಬುದು ಆ ತರ್ಕದೊಳಗೆ ಬರಲಿಲ್ಲ. ಅಧಿಕಾರಿ ಒಪ್ಪಿ ಸಹಿ ಹಾಕಿದರು. ಎಂಟು ಸಾವಿರ ಹೋಗಿ ಎಪ್ಪತ್ತೆರಡು ಬಂದಿದೆ, ಇದಕ್ಕಿಂತ ಹೆಚ್ಚು ಏನು ತಿದ್ದುಪಡಿ ಬೇಕು ಎಂದು ಅವರ ಮುಖ ಹೇಳುತ್ತಿತ್ತು. ತಕರಾರು ಇದ್ದವರು ವಾರದೊಳಗೆ ಅರ್ಜಿ ಕೊಡಬೇಕು, ಆಮೇಲೆ ಪಟ್ಟಿ ಅಖೈರು.

ಈ ಎರಡನೆಯ ಅಂಕಿ ಮೊದಲಿನದಕ್ಕಿಂತ ಕೆಟ್ಟದ್ದಾಗಿತ್ತು, ಏಕೆಂದರೆ ಅದನ್ನು ನಂಬಬಹುದಿತ್ತು. ಇಪ್ಪತ್ತನಾಲ್ಕು ವರ್ಷದ ರಜೆಗೆ ಚಹಾದ ಅಂಗಡಿಯಲ್ಲಿ ಎಲ್ಲರೂ ನಕ್ಕಿದ್ದರು. ಎಪ್ಪತ್ತೆರಡು ದಿನಕ್ಕೆ ಯಾರೂ ನಗಲಿಲ್ಲ. “ಎರಡ ತಿಂಗಳ ಮ್ಯಾಲ ಆತಲ್ಲೋ,” ಎಂದ ಒಬ್ಬ, “ಊರಾಗ ಏನ ಮಾಡಾಕತ್ತಿದ್ದಿ ಅಷ್ಟ ದಿನ?”

ಸಂಜೆ ಪಕ್ಕದವನು ನನ್ನ ಬಾಗಿಲಲ್ಲಿ ಕೂತ.

“ಅಣ್ಣಾರ, ನಡುವ ನಾ ಎಲ್ಯಾರ ಹೋಗಿದ್ನೇನ್ರಿ? ನಿಮಗ ನೆನಪ ಅದ ಏನು?”

“ಎಲ್ಲೂ ಹೋಗಿಲ್ಲ. ದಿನಾ ನಿನ್ನ ಕೆಮ್ಮು ಕೇಳೀನಿ ನಾ, ಗ್ವಾಡಿ ಆಚಿಂದ.”

“ಹಂಗಲ್ಲ. ಅಷ್ಟ ದೊಡ್ಡ ಮಶೀನ್, ಎರಡ ಸಲ ನೋಡೇತಿ…”

ಎಂಟು ವರ್ಷ ಗೇಟಿನ ಮುಂದೆ ನಿಂತ ಮನುಷ್ಯ ಒಂದು ಕಾಗದ ನೋಡಿ ತನ್ನ ಕಾಲುಗಳನ್ನೇ ಸಂಶಯಿಸತೊಡಗಿದ್ದ. ಆ ದಿನದವರೆಗೆ ಆ ಅಧಿಕಾರಿಗಳ ಬಗ್ಗೆ ನನಗಿದ್ದದ್ದು ಬೇಸರ. ಅಲ್ಲಿಂದ ಮುಂದೆ ಅದಕ್ಕೆ ಬೇರೆ ಹೆಸರು.

ಮರುದಿನ ಮುನ್ಷಿ ಚಾಚಾ ಹತ್ತಿರ ಮತ್ತೆ ಹೋದೆ. ಪುಸ್ತಕ ತೆರೆದಾಗ, ಮೊದಲ ಸಲ ಗಮನಿಸದಿದ್ದ ಒಂದು ಸಂಗತಿ ಕಂಡಿತು. ಪ್ರತಿ ದಿನಕ್ಕೆ ಒಂದು ಪುಟ, ಪುಟದ ಮೂಲೆಯಲ್ಲಿ ಕೆಂಪು ಶಾಯಿಯ ಸಂಖ್ಯೆ. ಡಿಸೆಂಬರ್ ಮೂವತ್ತರ ಪುಟ 4117. ಜನವರಿ ಎರಡರ ಪುಟ 4120. ವರ್ಷ ಬದಲಾಗಿತ್ತು, ಪುಸ್ತಕವೂ ಬದಲಾಗಿತ್ತು, ಸಂಖ್ಯೆ ಮಾತ್ರ ನಿಲ್ಲದೆ ಮುಂದುವರಿದಿತ್ತು.

“ಇದೇನು ಚಾಚಾ?”

“ಈ ಕುರ್ಚಿ ಮ್ಯಾಲ ಕುಂತ ದಿನದಿಂದ ಹಾಕಾಕತ್ತೀನಿ. ಆ ದಿನ ಒಂದನೇ ಪುಟ. ರಜಾ ಇದ್ರೂ ಪುಟ ಬಿಡಂಗಿಲ್ಲ, ಇತವಾರ ಇದ್ರೂ ಬಿಡಂಗಿಲ್ಲ. ಆಡಿಟಿನವ್ರು ವರ್ಷಾ ವರ್ಷಾ ಬೈತಾರ, ಹೊಸಾ ಪುಸ್ತಕಕ್ಕ ಮತ್ತ ಒಂದರಿಂದ ಹಾಕು ಅಂತಾರ. ನಾ ಹ್ಞೂಂ ಅಂತೀನಿ, ಹಾಕಂಗಿಲ್ಲ.”

“ಯಾಕ?”

“ಯಾರ ಎಷ್ಟ ದಿನ ಬಂದಿಲ್ಲ ಅಂತ ಕೇಳಿದ್ರ ಪುಟದಾಗ ಪುಟ ಕಳದ್ರ ಆತು. ಫೆಬ್ರವರಿಗಿ ಎಷ್ಟ ದಿನ ಅಂತ ಯಾಂವ ನೆನಪ ಇಡ್ತಾನ ಬಾಬಾ.”

ತಾರೀಕನ್ನು ಸಂಖ್ಯೆಯಾಗಿ ಇಡುವುದು ಮೂರ್ಖತನವಲ್ಲ ಎಂದು ನನಗೆ ಅರ್ಥವಾದದ್ದು ಆಗ. ಚಾಚಾ ಅದನ್ನೇ ಮಾಡಿದ್ದರು. ಅವರ ಸಂಖ್ಯೆ ದಿನಗಳನ್ನು ಎಣಿಸುತ್ತಿತ್ತು. ಕಂಪ್ಯೂಟರಿನವನ ಸಂಖ್ಯೆ ಏನನ್ನೂ ಎಣಿಸುತ್ತಿರಲಿಲ್ಲ. ರಜೆ ಚೀಟಿಗಳ ಮೇಲೆ ಕೂಡ ಚಾಚಾ ಪುಟ ಸಂಖ್ಯೆ ಬರೆದೇ ಕೊಟ್ಟಿದ್ದರು. ‘ಇದು ಬೇಡ’ ಎಂದು ಅದನ್ನು ಯಂತ್ರಕ್ಕೆ ತುಂಬದೆ ಬಿಟ್ಟವನು ಬೆಂಗಳೂರಿನವನು.

ನಾವಿಬ್ಬರೂ ಪುಸ್ತಕ ಹೊತ್ತುಕೊಂಡು ಅಧಿಕಾರಿಯ ಕೋಣೆಗೆ ಹೋದೆವು. ಅವರು ಯಂತ್ರದ ಮಹಿಮೆಯನ್ನು ಇನ್ನೊಮ್ಮೆ ಶುರುಮಾಡಿದರು. ಚಾಚಾ ನಡುವೆ ಬಾಯಿ ಹಾಕಿದರು, ಬಹಳ ವಿನಯದಿಂದ.

“ಸಾಹೇಬ್ರ, ಫೆಬ್ರವರಿ ಇಪ್ಪತ್ತೆಂಟಕ್ಕ ಶನಿವಾರ ನೀವು ಆಫೀಸಿಗಿ ಬಂದಿದ್ರಿ. ಮಾರ್ಚ್ ಎರಡಕ್ಕ ಸೋಮವಾರ ಬಂದ್ರಿ. ಇತವಾರ ಮನ್ಯಾಗ ಇದ್ರಿ.”

“ಹೌದು. ಅದಕ್ಕೇನು?”

“ಈ ಅಣ್ಣಾರು ನಿಮ್ಮ ಮಶೀನಿನ ಹಂಗ ಲೆಕ್ಕಾ ಮಾಡ್ಯಾರ. ನೀವು ಎಪ್ಪತ್ನಾಕು ದಿನ ಬಂದಿಲ್ಲರಿ.”

ನಾನು ಕಾಗದವನ್ನು ಮೇಜಿನ ಮೇಲೆ ಇಟ್ಟೆ. 870302ರಲ್ಲಿ 870228 ಕಳೆದರೆ 74. ಅವರು ಅದನ್ನು ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಪೆನ್ನಿನಲ್ಲಿ ಕಳೆದರು. ಬೇರೆಯವರ ಎಪ್ಪತ್ತೆರಡಕ್ಕೆ ಏಳದಿದ್ದ ಪ್ರಶ್ನೆ ತಮ್ಮ ಎಪ್ಪತ್ತನಾಲ್ಕಕ್ಕೆ ಎದ್ದಿತು. ಗಂಟೆ ಒತ್ತಿ ಬೆಂಗಳೂರಿನವನನ್ನು ಕರೆಸಿದರು.

ಮೂರು ದಿನ ಚಾಚಾ ಪುಟ ಸಂಖ್ಯೆ ಓದಿದರು, ಬೆಂಗಳೂರಿನವನು ಯಂತ್ರಕ್ಕೆ ತುಂಬಿದ. ಚಾಚಾಗೂ ಚಪ್ಪಲಿ ಬಿಡಿಸಿ ಒಳಗೆ ಕರೆದುಕೊಂಡರು. “ಒಳಗ ಭಾಳ ಥಂಡಿ ಅದ ಬಾಬಾ,” ಎಂದು ಹೊರಗೆ ಬಂದು ಹೇಳಿದರು, “ಒಳಗ ಕುಂತವರ ತಲಿನೂ ಹೆಪ್ಪಗಟ್ಟೇತಿ.” ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು, ಈ ಸಲ ತಾರೀಕಿನ ಜಾಗದಲ್ಲಿ ಪುಟ. ಯಂತ್ರ ಮತ್ತೆ ಸರಿಯಾಗಿ ಕಳೆಯಿತು. ಪಕ್ಕದವನ ಮುಂದೆ ಮೂರು ಎಂದು ಬಂತು. ತಾಂಡೂರಿಗೆ ಹೋಗಿದ್ದವನಿಗೆ ಇಪ್ಪತ್ತೇಳು, ಅವನೂ ಉಳಿದ. ಮೂರನೆಯ ಪಟ್ಟಿಯ ತಲೆಯ ಮೇಲೆ ‘ಸುಧಾರಿತ ಕಂಪ್ಯೂಟರ್ ವಿಧಾನದಿಂದ ತಯಾರಿಸಲಾಗಿದೆ’ ಎಂದು ಅಚ್ಚಾಗಿತ್ತು. ಕೆಂಪು ಶಾಯಿಯ ಹೆಸರು ಎಲ್ಲಿಯೂ ಇರಲಿಲ್ಲ. ಅದೇ ವರ್ಷ ಆಡಿಟಿನವರು ಬಂದು, ಪುಟ ಸಂಖ್ಯೆ ಒಂದರಿಂದ ಶುರುಮಾಡಬೇಕೆಂದು ಚಾಚಾಗೆ ಮತ್ತೆ ಲಿಖಿತವಾಗಿ ಎಚ್ಚರಿಸಿದರು.

ನಾನು ಇಡೀ ವಿಷಯವನ್ನು ನಾಲ್ಕು ಹಾಳೆ ಬರೆದು ಗಾರ್ಡಿನ ಕೈಗೆ ಕೊಟ್ಟೆ. ಪತ್ರಿಕೆಯಲ್ಲಿ ಆರು ಸಾಲು ಬಂತು: ಬದಲಿ ಕೆಲಸಗಾರರ ಪರಿಷ್ಕೃತ ಪಟ್ಟಿ ಪ್ರಕಟವಾಗಿದೆ. ವಿಚಾರಿಸಿದಾಗ ಸಂಪಾದಕೀಯ ವಿಭಾಗದವರು, “ಓದುಗರಿಗೆ ಕಳೆಯುವ ಲೆಕ್ಕ ಬೇಕಾಗಿಲ್ಲ,” ಎಂದರು. ಕಂಪ್ಯೂಟರು ಬಂದ ಸುದ್ದಿಗೆ ಮೂರು ಕಾಲಮ್ಮು ಕೊಟ್ಟವರೂ ಇವರೇ.

ಜೂನ್ ಒಂದಕ್ಕೆ ಮೂರು ವಾರ ಇರುವಾಗ ಪಕ್ಕದವನಿಗೆ ಕಾಯಂ ಆದೇಶ ಕೈಗೆ ಬಂತು. ಅವನ ಹೆಂಡತಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಟ್ಟಿನ ಡಬ್ಬಿಯ ತಳಕ್ಕೆ ಇಟ್ಟಳು.

ಮುಂದಿನ ಎಳ್ಳ ಅಮಾವಾಸ್ಯೆ ಡಿಸೆಂಬರ್ ನಡುವೆಯೇ ಬಂತು. ತಿಂಗಳೂ ದಾಟುವುದಿಲ್ಲ, ವರ್ಷವೂ ದಾಟುವುದಿಲ್ಲ. ಈಗ ಅವನಿಗೆ ಹಕ್ಕಿನ ರಜೆಯೂ ಇತ್ತು. ಹಿಂದಿನ ದಿನ ಅವರ ಕೋಣೆಯಿಂದ ಸಜ್ಜೆ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ಮುಂಜಾನೆ ನೋಡಿದರೆ ಬುತ್ತಿಯ ಗಂಟು ಹೆಂಡತಿಯ ತಲೆಯ ಮೇಲೆ, ಅವನು ಕೆಲಸದ ಅಂಗಿಯಲ್ಲಿ.

“ಯಾಕ, ನೀ ಹೋಗಂಗಿಲ್ಲೇನು?” ಎಂದು ಕೇಳಿದೆ. “ಈ ಸಲ ತಿಂಗಳ ನಡುವ ಅದ. ಆ ಲೆಕ್ಕನೂ ಈಗ ಸರಿ ಆಗ್ಯದ.”

“ಗೊತ್ತದ್ರಿ ಅಣ್ಣಾರ.” ಅವನು ಹಾಜರಿಯ ಟೋಕನ್ನನ್ನು ಜೇಬಿನಲ್ಲಿ ಮುಟ್ಟಿ ನೋಡಿಕೊಂಡ. “ಆದ್ರೂ ಬ್ಯಾಡ್ರಿ.”

“ಹೊಲದಾಗ ಚರಗ ಚೆಲ್ಲೋರು ಯಾರು?” ಎಂದಳು ಹೆಂಡತಿ, ನನ್ನ ಕಡೆ ನೋಡುತ್ತ, ಅವನಿಗೆ ಕೇಳಿಸುವಂತೆ. “ಆ ಮಶೀನ್ ಬಂದ ಚೆಲ್ತದೇನು?”

“ನೀ ಚೆಲ್ಲು. ನೀ ಚೆಲ್ಲಿದ್ರ ಜ್ವಾಳ ಬ್ಯಾಡ ಅಂತದೇನು.”

ಅವಳು ಚಿಂಚೋಳಿ ಬಸ್ಸಿಗೆ ಒಬ್ಬಳೇ ಹೋದಳು. ಅವನು ಮೊದಲನೆಯ ಪಾಳಿಗೆ ಹೋದ. ಅವನ ಹೆಸರಿನ ಮುಂದೆ ಚಾಚಾ ಆ ದಿನ ಹಾಜರಿ ಹಾಕಿದ್ದು ಪುಟ 4472ರಲ್ಲಿ.